ಬಾವಲಿಯೂ ಪಂಡಿತರ ಸಭೆಯೂ

ಬಾವಲಿಗಳ ವಿಷಯವೊಂದನ್ನೇ ಚರ್ಚಿಸುವುದಕ್ಕಾಗಿ ಹಲವು ಖಂಡಗಳಿಂದ ವಿದ್ವಾಂಸರು ಒಂದೆಡೆ ಸೇರುತ್ತಾರೆ ಎಂದರೆ ಕೇಳಿದವರ ಮುಖದಲ್ಲಿ ನಸುನಗೆ ಮೂಡುವುದು ಸಹಜ. ದೀಪ ಹಚ್ಚುವ ಹೊತ್ತಿನಲ್ಲಿ ಬಾವಲಿ ಒಳಗೆ ಬಂದರೆ ಅಪಶಕುನವೆಂದು ಅವಸರದಿಂದ ಕಿಟಕಿ ಮುಚ್ಚುವ ಮನೆಗಳು ಇಂದಿಗೂ ಇವೆ. ಪಾಳುಗುಡಿ, ಹಾಳುಕೋಟೆ, ಹುಣಿಸೆಯ ಮರ, ಸ್ಮಶಾನ ಇವುಗಳನ್ನು ವರ್ಣಿಸುವ ಕಥೆಗಾರನು ಬಾವಲಿಯನ್ನು ಮರೆಯುವುದುಂಟೆ? ಇಂಥ ಜೀವಿಯ ಸಲುವಾಗಿ ಸಭೆಯೇ, ಪ್ರಬಂಧಗಳೇ, ಠರಾವುಗಳೇ ಎಂದು ಯಾರಾದರೂ ಕೇಳಿದರೆ ಅವರನ್ನು ದೂರಬೇಕಾದುದಿಲ್ಲ.

ಆದರೂ ಅಂಥ ಸಭೆಗಳು ಅರ್ಧ ಶತಮಾನಕ್ಕೂ ಮಿಕ್ಕಿ ನಡೆದುಕೊಂಡು ಬಂದಿವೆ. ಹಗಲೆಲ್ಲ ಪ್ರಬಂಧಗಳ ಮಂಡನೆ. ಒಬ್ಬೊಬ್ಬರಿಗೂ ದೊರೆಯುವುದು ಕೆಲವೇ ನಿಮಿಷಗಳು. ಹಲವು ವರ್ಷಗಳ ಕಾಲ ಗುಹೆಗಳಲ್ಲಿ, ಹಿಕ್ಕೆಯ ರಾಶಿಯ ನಡುವೆ, ರಾತ್ರಿಗಳನ್ನು ಕಳೆದು ಕಂಡುಕೊಂಡ ಸಂಗತಿಯನ್ನು ಆ ಅಲ್ಪಾವಧಿಯಲ್ಲಿ ಹೇಳಿ ಮುಗಿಸಬೇಕು. ಮಾತು ಮುಗಿಯುತ್ತಲೇ ಯಾರೋ ಒಬ್ಬರು ಎದ್ದು ನಿಂತು, ಇದು ಹೇಗೆ ಸಾಧ್ಯವೆಂದು ಪ್ರಶ್ನಿಸುತ್ತಾರೆ. ಬರೆದು ಅಂಚೆಯಲ್ಲಿ ಕಳುಹಿಸಬಹುದಾದ ಮಾತಿಗೆ ಇಷ್ಟೆಲ್ಲ ಪ್ರಯಾಸವೇಕೆ?

ಈ ಪ್ರಶ್ನೆಗೆ ಉತ್ತರ ಬಾವಲಿ ಸಂಶೋಧನೆಯ ಚರಿತ್ರೆಯಲ್ಲಿಯೇ ಇದೆ. ಒಬ್ಬನು ಕಂಡ ಸತ್ಯವು ಇತರರ ಕಿವಿಗೆ ಬೀಳದೆ ಹೋದರೆ ಎಷ್ಟು ಕಾಲ ವ್ಯರ್ಥವಾಗುತ್ತದೆ, ಸಕಾಲದಲ್ಲಿ ಬಿದ್ದರೆ ಎಷ್ಟು ಜೀವ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಕೇಳುವವರಿಲ್ಲದ ಸತ್ಯ

1793ರಲ್ಲಿ ಇಟಲಿಯ ಪಾವಿಯಾ ನಗರದಲ್ಲಿ ಲಾಜಾರೊ ಸ್ಪಲಾನ್ಜಾನಿ ಎಂಬ ಪ್ರಾಧ್ಯಾಪಕರಿದ್ದರು. ಅವರು ಪಾದ್ರಿಯೂ ಹೌದು, ಪ್ರಕೃತಿವಿಜ್ಞಾನಿಯೂ ಹೌದು. ಅವರು ಸಾಕಿದ್ದ ಗೂಬೆಯೊಂದು ಮಬ್ಬುಬೆಳಕಿನಲ್ಲಿ ಚೆನ್ನಾಗಿ ಹಾರಾಡುತ್ತಿತ್ತು. ಮೇಣದ ಬತ್ತಿ ಆರಿ ಪೂರ್ಣ ಕತ್ತಲಾದರೆ ಮಾತ್ರ ಗೋಡೆಗೆ ಬಡಿದು ಬೀಳುತ್ತಿತ್ತು. ಅದೇ ಕತ್ತಲಲ್ಲಿ ಬಾವಲಿಗಳು ಯಾವುದಕ್ಕೂ ತಾಕದೆ ಹಾರುತ್ತಿದ್ದುವು. ಇದನ್ನು ಕಂಡ ಸ್ಪಲಾನ್ಜಾನಿಯವರು ಬಾವಲಿಗಳ ಕಣ್ಣುಗಳನ್ನೇ ನಾಶಮಾಡಿ ನೋಡಿದರು. ಆ ಕಾಲದ ಪ್ರಯೋಗಗಳಲ್ಲಿ ದಯೆಗೆ ಎಡೆಯಿರಲಿಲ್ಲ. ಕುರುಡಾದ ಬಾವಲಿಗಳೂ ಮೊದಲಿನಂತೆಯೇ ಹಾರಿದುವು. ಅಷ್ಟೇ ಅಲ್ಲ, ಪಾವಿಯಾದ ದೊಡ್ಡ ಇಗರ್ಜಿಯ ಗಂಟೆಗೋಪುರದಿಂದ ಹಿಡಿದು ತಂದು, ಕುರುಡು ಮಾಡಿ ಬಿಟ್ಟಿದ್ದ ಬಾವಲಿಗಳಲ್ಲಿ ಕೆಲವನ್ನು ಮತ್ತೆ ಹಿಡಿದು ಪರೀಕ್ಷಿಸಿದಾಗ, ಕಣ್ಣುಳ್ಳವುಗಳಂತೆಯೇ ಅವುಗಳ ಹೊಟ್ಟೆಯೂ ಕೀಟಗಳಿಂದ ತುಂಬಿತ್ತು.

ಸ್ಪಲಾನ್ಜಾನಿಯವರು ಈ ಸಂಗತಿಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಯೂರೋಪಿನ ಹಲವು ವಿದ್ವಾಂಸರಿಗೆ ಕಾಗದ ಬರೆದರು. ಅವರ ಪತ್ರವೊಂದನ್ನು ಸ್ವಿಟ್ಸರ್ಲೆಂಡಿನ ಜಿನೀವಾ ನಗರದ ವಿದ್ವತ್ಸಭೆಯಲ್ಲಿ ಓದಲಾಯಿತು. ಅಲ್ಲಿನ ಶಸ್ತ್ರವೈದ್ಯ ಲೂಯಿ ಜ್ಯೂರಿನ್ ಎಂಬುವರು ಅದನ್ನು ಕೇಳಿ ಬಾವಲಿಯ ಕಣ್ಣನ್ನು ಬಿಟ್ಟು ಕಿವಿಯನ್ನು ಪರೀಕ್ಷಿಸಿದರು. ಕಿವಿಗೆ ಮೇಣ ತುಂಬಿದೊಡನೆ ಬಾವಲಿಯು ದಾರಿಗೆಟ್ಟು ಎದುರಿಗಿದ್ದುದಕ್ಕೆಲ್ಲ ಬಡಿಯಿತು! ಸ್ಪಲಾನ್ಜಾನಿಯವರು ಮೊದಲು ಇದನ್ನು ನಂಬಲಿಲ್ಲ. ತಾವೇ ಮತ್ತೆ ಪ್ರಯೋಗ ಮಾಡಿ ನೋಡಿದರು. ಜ್ಯೂರಿನ್ನರ ಮಾತು ನಿಜವೆಂದು ಒಪ್ಪಿಕೊಂಡರು. ಒಬ್ಬರ ಪ್ರಶ್ನೆ ಬೇರೊಂದು ಊರಿನ ಸಭೆಯಲ್ಲಿ ಕೇಳಿಸಿ, ಅಲ್ಲಿಂದ ಉತ್ತರವಾಗಿ ಹಿಂದಿರುಗಿದ್ದಿತು.

ಆದರೆ ಅಲ್ಲಿಗೇ ಮಾತು ನಿಂತಿತು. ಬಾವಲಿ ನಿಶ್ಶಬ್ದವಾಗಿ ಹಾರುವ ಜೀವಿಯೆಂದು ಎಲ್ಲರೂ ಬಲ್ಲರು. ಸದ್ದೇ ಇಲ್ಲದೆಡೆಯಲ್ಲಿ ಕಿವಿಯಿಂದ ಪ್ರಯೋಜನವೇನು? ಫ್ರಾನ್ಸಿನ ಪ್ರಖ್ಯಾತ ಪ್ರಾಣಿಶಾಸ್ತ್ರಜ್ಞ ಕ್ಯುವಿಯೇ ಮಹಾಶಯರು, ಸ್ವತಃ ಪ್ರಯೋಗ ನಡೆಸದೆಯೇ, ಬಾವಲಿಯು ರೆಕ್ಕೆಯ ಸ್ಪರ್ಶಜ್ಞಾನದಿಂದ ದಾರಿ ತಿಳಿಯುತ್ತದೆಂದು ತೀರ್ಪಿತ್ತರು. ದೊಡ್ಡವರ ಮಾತು ದೊಡ್ಡದಾಯಿತು. ಸ್ಪಲಾನ್ಜಾನಿಯವರು 1799ರಲ್ಲಿ ತೀರಿಕೊಂಡರು. ಅವರ ಪ್ರಯೋಗಗಳ ವಿವರಗಳಲ್ಲಿ ಬಹುಭಾಗವು ಪತ್ರಗಳಲ್ಲಿಯೂ ಟಿಪ್ಪಣಿಗಳಲ್ಲಿಯೂ ಉಳಿಯಿತು. ನಿಜಾಂಶ ಕೈಗೆ ಸಿಕ್ಕಿದ್ದರೂ ವಿಜ್ಞಾನವು ಅದನ್ನು ನೂರ ನಲವತ್ತು ವರ್ಷಗಳ ಕಾಲ ಬದಿಗಿಟ್ಟಿತು.

ಭುಜ ಹಿಡಿದು ಅಲುಗಾಡಿಸಿದ ಪಂಡಿತ

ಟೈಟಾನಿಕ್ ಹಡಗು ಮುಳುಗಿದ 1912ರಲ್ಲಿ ಹೈರಮ್ ಮ್ಯಾಕ್ಸಿಮ್ ಎಂಬ ಯಂತ್ರಶಿಲ್ಪಿಯು, ಬಾವಲಿಯಂತೆ ಹಡಗುಗಳೂ ಅಲೆಗಳನ್ನು ಕಳುಹಿಸಿ ಎದುರಿನ ಅಡೆತಡೆಯನ್ನು ಅರಿಯಬಹುದೆಂದು ಸೂಚಿಸಿದರು. ಬಾವಲಿಯ ರೆಕ್ಕೆಬಡಿತದಿಂದ ಹೊರಡುವ, ಮನುಷ್ಯನ ಕಿವಿಗೆ ನಿಲುಕದಷ್ಟು ಮಂದವಾದ ಅಲೆಗಳೇ ಅದಕ್ಕೆ ದಾರಿತೋರುತ್ತವೆಂಬುದು ಅವರ ಊಹೆ. 1920ರಲ್ಲಿ ಇಂಗ್ಲೆಂಡಿನ ಹಾರ್ಟ್‌ರಿಜ್ ಎಂಬ ಶರೀರವಿಜ್ಞಾನಿಯು, ಆ ಧ್ವನಿ ಮಂದವಲ್ಲ, ಕಿವಿಗೆ ನಿಲುಕದಷ್ಟು ಕೀರಲಾದುದಿರಬೇಕು ಎಂದರು. ಊಹೆ ಸರಿಯಾಗಿತ್ತು, ಸಾಕ್ಷ್ಯವಿರಲಿಲ್ಲ.

ಸಾಕ್ಷ್ಯ ದೊರೆತದ್ದು 1938ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಭೌತವಿಜ್ಞಾನಿ ಪಿಯರ್ಸ್ ಅವರು ಕೀಟಗಳ ಕೀರಲು ಸದ್ದುಗಳನ್ನು ಹಿಡಿಯುವುದಕ್ಕೆಂದು ಒಂದು ಯಂತ್ರ ನಿರ್ಮಿಸಿಕೊಂಡಿದ್ದರು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳ ಆಚೆಗಿನ ಧ್ವನಿ ಕೇಳಿಸದು. ಆ ಯಂತ್ರವು ಅದಕ್ಕೂ ಮೇಲಿನದನ್ನು ಹಿಡಿದು ಕೇಳಿಸುತ್ತಿತ್ತು. ಡೊನಾಲ್ಡ್ ಗ್ರಿಫಿನ್ ಎಂಬ ತರುಣ ವಿದ್ಯಾರ್ಥಿ ಬಾವಲಿಗಳನ್ನು ಪಂಜರದಲ್ಲಿಟ್ಟುಕೊಂಡು ಆ ಯಂತ್ರದ ಮುಂದೆ ಬಂದು ನಿಂತನು. ನಿಶ್ಶಬ್ದವೆಂದು ಜಗತ್ತು ನಂಬಿದ್ದ ಜೀವಿಗಳಿಂದ ಸದ್ದಿನ ಮಳೆಯೇ ಸುರಿಯಿತು.

ಮುಂದೆ ಗ್ರಿಫಿನ್ನರು ರಾಬರ್ಟ್ ಗ್ಯಾಲಂಬೋಸ್ ಎಂಬ ಮತ್ತೊಬ್ಬ ತರುಣನ ಜೊತೆಗೂಡಿ ಕೋಣೆಯೊಂದರಲ್ಲಿ ಮಾಡಿನಿಂದ ನೆಲದವರೆಗೆ ತೆಳುವಾದ ತಂತಿಗಳನ್ನು ಸಾಲಾಗಿ ಇಳಿಬಿಟ್ಟು ಬಾವಲಿಗಳನ್ನು ಹಾರಿಸಿದರು. ಕಣ್ಣು ಮುಚ್ಚಿದಾಗ ಬಾವಲಿಗಳು ತಂತಿಗಳ ನಡುವೆ ಸಲೀಸಾಗಿ ನುಸುಳಿದುವು. ಕಿವಿ ಮುಚ್ಚಿದಾಗ ಬಡಿದುವು. ಬಾಯಿ ಮುಚ್ಚಿದಾಗಲೂ ಬಡಿದುವು. ಬಾವಲಿ ಕೂಗುತ್ತದೆ, ಕೂಗು ಎದುರಿನ ವಸ್ತುವಿಗೆ ತಾಕಿ ಮರಳುತ್ತದೆ, ಮರಳಿದ ದನಿಯಿಂದ ಅದು ದಾರಿ ತಿಳಿಯುತ್ತದೆ. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಇದನ್ನು ಅವರು ವಿಜ್ಞಾನಿಗಳ ಸಭೆಯೊಂದರ ಮುಂದಿಟ್ಟಾಗ ನಡೆದ ಪ್ರಸಂಗವನ್ನು ಗ್ರಿಫಿನ್ನರೇ ಮುಂದೆ ದಾಖಲಿಸಿದ್ದಾರೆ. ಹೆಸರಾಂತ ಶರೀರವಿಜ್ಞಾನಿಯೊಬ್ಬರು ಗ್ಯಾಲಂಬೋಸರ ಎರಡೂ ಭುಜಗಳನ್ನು ಹಿಡಿದು ಅಲುಗಾಡಿಸಿ, ಈ ಮಾತನ್ನು ನಿಜವಾಗಿಯೂ ಹೇಳುತ್ತಿರುವಿರಾ ಎಂದು ಗದರಿದರಂತೆ. ರೇಡಾರ್ ಮುಂತಾದ ಯಂತ್ರಗಳು ಆಗ ಸೈನ್ಯದ ಗುಟ್ಟುಗಳಾಗಿದ್ದ ಕಾಲ. ಇಂಜಿನಿಯರುಗಳು ಅಷ್ಟು ಶ್ರಮಪಟ್ಟು ಸಾಧಿಸಿದ ವಿದ್ಯೆ ಈ ಪುಟ್ಟ ಜಂತುವಿಗೆ ಮೊದಲೇ ಒಲಿದಿತ್ತೆಂಬುದು ಬಲ್ಲವರಿಗೂ ಸಹಿಸಲಾರದ ಮಾತಾಗಿತ್ತು.

ಭುಜ ಅಲುಗಾಡಿಸಿದ ಆ ಪಂಡಿತರನ್ನು ಕಂಡು ನಗಬೇಕಾದುದಿಲ್ಲ. ನಂಬಿಕೆಯಿಲ್ಲದವನು ಎದುರಿಗೆ ಬಂದು ತಕರಾರು ಮಾಡಿದುದು ಆ ತರುಣರ ಭಾಗ್ಯವೇ ಸರಿ. ಆಕ್ಷೇಪಕ್ಕೆ ಅಲ್ಲಿಯೇ ಪ್ರಯೋಗದ ವಿವರದಿಂದ ಉತ್ತರ ಕೊಡಬಹುದಾಗಿತ್ತು. ಸ್ಪಲಾನ್ಜಾನಿಯವರಿಗೆ ಆ ಅವಕಾಶ ದೊರೆತಿರಲಿಲ್ಲ. 1941ರಲ್ಲಿ ಈ ತರುಣರ ಪ್ರಬಂಧ ಅಚ್ಚಾಯಿತು. 1944ರಲ್ಲಿ ಗ್ರಿಫಿನ್ನರು ಈ ವಿದ್ಯೆಗೆ ಒಂದು ಹೆಸರನ್ನೂ ಇಟ್ಟರು. ಪ್ರತಿಧ್ವನಿಯಿಂದ ನೆಲೆಯನ್ನು ಗುರುತಿಸುವುದೆಂದು ಅದರ ಅರ್ಥ.

ಅದೇ ವೇಳೆಗೆ ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ಡೈಕ್‌ಗ್ರಾಫ್ ಎಂಬ ವಿಜ್ಞಾನಿಯು ಯಾವ ಯಂತ್ರದ ನೆರವೂ ಇಲ್ಲದೆ, ಕೇವಲ ಕಿವಿಗೊಟ್ಟು ಆಲಿಸಿ, ಹಾರುವ ಬಾವಲಿಯಿಂದ ಹೊರಡುವ ಅತಿ ಸಣ್ಣ ಟಿಕ್‌ಟಿಕ್ ಸದ್ದನ್ನು ಗುರುತಿಸಿದ್ದರು. ಬಾವಲಿಯ ಮೂತಿಗೆ ಪುಟ್ಟ ಮುಸುಕು ತೊಡಿಸಿ ಇದೇ ತೀರ್ಮಾನಕ್ಕೆ ಬಂದಿದ್ದರು. ಯುದ್ಧವು ದೇಶದೇಶಗಳ ನಡುವೆ ಗೋಡೆ ಎಬ್ಬಿಸಿದ್ದುದರಿಂದ ಅಮೆರಿಕದವರ ಕೆಲಸ ಅವರಿಗೆ ತಿಳಿದಿರಲಿಲ್ಲ. ಒಂದೇ ಸತ್ಯವನ್ನು ಎರಡು ಕಡೆ ಬೇರೆಬೇರೆಯಾಗಿ ಅಗೆಯಬೇಕಾಯಿತು.

ತಮ್ಮ ತಪ್ಪನ್ನು ತಾವೇ ಕಂಡವರು

ಯುದ್ಧಾನಂತರ ಬಾವಲಿ ಸಂಶೋಧನೆಯು ಬೆಳೆಯಿತು. 1968ರಲ್ಲಿ ಅಂದಿನ ಚೆಕೊಸ್ಲೊವಾಕಿಯದ ಹ್ಲುಬೊಕಾ ಎಂಬ ಊರಿನಲ್ಲಿ ಮೊದಲನೆಯ ಅಂತರರಾಷ್ಟ್ರೀಯ ಬಾವಲಿ ಸಂಶೋಧನಾ ಸಮ್ಮೇಳನ ಸೇರಿತು. 1970ರಲ್ಲಿ ಅಮೆರಿಕದ ಟೂಸಾನ್ ನಗರದಲ್ಲಿ ಆ ದೇಶದ ಸಂಶೋಧಕರು ತಮ್ಮದೇ ಆದ ಸಭೆಯೊಂದನ್ನು ಆರಂಭಿಸಿದರು. ಅದು ವರ್ಷವರ್ಷವೂ ನಡೆಯುವ ಪದ್ಧತಿಯಾಯಿತು.

ಈ ಅವಧಿಯಲ್ಲಿಯೇ ಸಂಶೋಧಕರು ಒಂದು ಕಹಿ ಸಂಗತಿಯನ್ನು ಎದುರಿಸಬೇಕಾಗಿ ಬಂದಿತು. ಬಾವಲಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಎಷ್ಟು ಕಾಲ ಬದುಕುತ್ತವೆ ಎಂದು ತಿಳಿಯುವುದಕ್ಕಾಗಿ ಅವುಗಳ ಮುಂದೋಳಿಗೆ ಸಂಖ್ಯೆ ಕೆತ್ತಿದ ಸಣ್ಣ ಲೋಹದ ಬಳೆಯನ್ನು ತೊಡಿಸುವ ಕ್ರಮವಿದ್ದಿತು. ಅಮೆರಿಕದಲ್ಲಿ 1932ರಿಂದ ನಾಲ್ವತ್ತು ವರ್ಷಗಳಲ್ಲಿ ಇಂಥ 20 ಲಕ್ಷಕ್ಕೂ ಹೆಚ್ಚು ಬಳೆಗಳನ್ನು ವಿತರಿಸಲಾಗಿತ್ತು. ಅದರಿಂದ ದೊರೆತ ತಿಳಿವಳಿಕೆ ಸಣ್ಣದಲ್ಲ. ಸೈಬೀರಿಯದಲ್ಲಿ 1964ರಲ್ಲಿ ಬಳೆ ತೊಟ್ಟ ಬಾವಲಿಯೊಂದು 2005ರಲ್ಲಿ ಮತ್ತೆ ಕೈಗೆ ಸಿಕ್ಕಿತು! ಇಲಿಗಿಂತಲೂ ಚಿಕ್ಕದಾದ ಆ ಪ್ರಾಣಿ ನಾಲ್ವತ್ತೊಂದು ವರ್ಷ ಬದುಕಿದ್ದಿತು.

ಆದರೆ ಬಳೆಗಳು ಎಷ್ಟೋ ಬಾವಲಿಗಳ ರೆಕ್ಕೆಯನ್ನು ಗಾಯಗೊಳಿಸಿದುವು. ಅದಕ್ಕಿಂತ ಹೆಚ್ಚಿನ ಅಪಾಯ ಮತ್ತೊಂದಿತ್ತು. ಶೀತದೇಶಗಳ ಬಾವಲಿಗಳು ಚಳಿಗಾಲವಿಡೀ ಗುಹೆಗಳಲ್ಲಿ ದೀರ್ಘನಿದ್ರೆಯಲ್ಲಿರುತ್ತವೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆ ಕಾಲದ ಬುತ್ತಿ. ಬಳೆ ತೊಡಿಸುವುದಕ್ಕೆ ಬಂದವರ ದೀಪಕ್ಕೂ ಸದ್ದಿಗೂ ಎಚ್ಚರಗೊಂಡರೆ, ಹಲವು ವಾರಗಳಿಗೆ ಸಾಲುವ ಬುತ್ತಿ ಒಂದೇ ಸಲಕ್ಕೆ ಕರಗುತ್ತದೆ. ವಸಂತ ಬರುವ ಮೊದಲೇ ಪ್ರಾಣಿ ಹಸಿದು ಸಾಯುತ್ತದೆ. ಹೆಚ್ಚಿನ ಬಾವಲಿಗಳು ಹೆರುವುದು ವರ್ಷಕ್ಕೆ ಒಂದೇ ಮರಿ. ಇಲಿಯ ಸಂತತಿಯಂತೆ ಕಳೆದುಹೋದುದನ್ನು ಬೇಗ ತುಂಬಿಕೊಳ್ಳುವ ಶಕ್ತಿ ಅವಕ್ಕಿಲ್ಲ.

ಪ್ರೀತಿಯಿಂದ ಅರಿಯಹೋದವರೇ ಕೊಲ್ಲುವವರಾಗುತ್ತಿದ್ದರು. ಒಬ್ಬನು ತಾನು ಹೋಗುವ ಗುಹೆಯಲ್ಲಿ ಬಾವಲಿ ಕಡಿಮೆಯಾಗುತ್ತಿರುವುದನ್ನು ಕಂಡರೆ, ಅವು ಬೇರೆಡೆಗೆ ಹೋಗಿರಬಹುದೆಂದು ಸಮಾಧಾನಪಟ್ಟುಕೊಳ್ಳಬಹುದು. ಹತ್ತು ಮಂದಿ ಒಂದೆಡೆ ಕುಳಿತು ತಮ್ಮ ತಮ್ಮ ಗುಹೆಗಳ ಲೆಕ್ಕವನ್ನು ಮುಂದಿಟ್ಟರೆ ಆ ಸಮಾಧಾನ ಉಳಿಯದು. 1970ರ ದಶಕದ ಮೊದಲ ವರ್ಷಗಳಲ್ಲಿಯೇ ಅಮೆರಿಕ ಸರಕಾರವು ಹೊಸ ಬಳೆಗಳ ವಿತರಣೆಯನ್ನು ತಡೆಹಿಡಿಯಿತು. ಅರಿಯುವುದಕ್ಕೂ ಒಂದು ಮಿತಿ ಇರಬೇಕೆಂದು ಅರಿತವರೇ ಒಪ್ಪಿಕೊಂಡರು.

ಬಿಳಿಯ ಮೂತಿಯ ಮಾರಿ

ಸಭೆ ಸೇರುವ ಅಭ್ಯಾಸದ ಬೆಲೆ 2006ರ ನಂತರ ಇನ್ನೂ ಸ್ಪಷ್ಟವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ನಗರದ ಹತ್ತಿರದ ಗುಹೆಯೊಂದರಲ್ಲಿ ಮೂತಿಗೆ ಬಿಳಿಯ ಬೂಷ್ಟು ಹಿಡಿದ ಬಾವಲಿಗಳ ಛಾಯಾಚಿತ್ರವನ್ನು ಒಬ್ಬರು ತೆಗೆದರು. ಮರುವರ್ಷ ಸುತ್ತಲಿನ ಗುಹೆಗಳಲ್ಲಿ ಸಾವಿರಾರು ಬಾವಲಿಗಳು ಸತ್ತು ಬಿದ್ದಿದ್ದುವು. 2008ರಲ್ಲಿ ತಜ್ಞರು ಆಲ್ಬನಿಯಲ್ಲಿಯೇ ಸಭೆ ಸೇರಿ ತಮಗೆ ಕಂಡುದನ್ನು ಒಟ್ಟುಗೂಡಿಸಿದರು. ಬೂಷ್ಟು ಚಳಿನಿದ್ರೆಯ ಬಾವಲಿಗಳನ್ನು ಅಕಾಲದಲ್ಲಿ ಎಬ್ಬಿಸಿ, ಅವುಗಳ ಕೊಬ್ಬನ್ನು ಕರಗಿಸಿ ಕೊಲ್ಲುತ್ತಿತ್ತು. 2012ರ ವೇಳೆಗೆ ಸತ್ತ ಬಾವಲಿಗಳ ಸಂಖ್ಯೆ 57 ಲಕ್ಷದಿಂದ 67 ಲಕ್ಷದವರೆಗೆ ಇರಬಹುದೆಂದು ಅಲ್ಲಿನ ವನ್ಯಜೀವಿ ಇಲಾಖೆ ಅಂದಾಜು ಮಾಡಿತು.

ಈ ಬೂಷ್ಟು ಎಲ್ಲಿಂದ ಬಂದಿತು? ಅಮೆರಿಕದವರು ಒಂಟಿಯಾಗಿ ಈ ಪ್ರಶ್ನೆಗೆ ಉತ್ತರ ಕಾಣುವಂತಿರಲಿಲ್ಲ. ಯೂರೋಪಿನ ಸಂಶೋಧಕರು ತಮ್ಮ ಗುಹೆಗಳನ್ನು ಹುಡುಕಿದಾಗ ಅದೇ ಬೂಷ್ಟು ಅಲ್ಲಿಯೂ ಇದ್ದಿತು. ಆದರೆ ಅಲ್ಲಿನ ಬಾವಲಿಗಳು ಅದರಿಂದ ರಾಶಿರಾಶಿಯಾಗಿ ಸಾಯುತ್ತಿರಲಿಲ್ಲ. ಬಹುಕಾಲದ ಒಡನಾಟದಿಂದ ಅವು ಅದನ್ನು ತಾಳಿಕೊಳ್ಳಲು ಕಲಿತಿದ್ದುವು. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಯೂರೋಪಿನ ಬೂಷ್ಟು ಅಮೆರಿಕದ ಬಾವಲಿಗಳನ್ನು ಕೊಂದಿತು. ಪರಕೀಯ ಬೂಷ್ಟೊಂದು ಕಡಲು ದಾಟಿ ಬಂದಿರಬೇಕೆಂಬ ಅನುಮಾನ ಇದರಿಂದ ಬಲಗೊಂಡಿತು. ಗುಹೆಯಿಂದ ಗುಹೆಗೆ ಹೋಗುವವರು ಉಡುಪು, ಬೂಟು, ಸಲಕರಣೆಗಳನ್ನು ಶುದ್ಧಿಮಾಡಿಕೊಳ್ಳಬೇಕೆಂಬ ಕಟ್ಟುನಿಟ್ಟು ಜಾರಿಗೆ ಬಂದಿತು.

ಬಾವಲಿ ಸತ್ತರೆ ಮನುಷ್ಯನಿಗೇನೆಂದು ಕೇಳುವವರಿಗೂ ಉತ್ತರ ಸಿದ್ಧವಾಗಿದೆ. ಈ ಬಾವಲಿಗಳು ರಾತ್ರಿಯೆಲ್ಲ ತಿನ್ನುತ್ತಿದ್ದುದು ಬೆಳೆಗೆ ಮಾರಕವಾದ ಕೀಟಗಳನ್ನು. 2024ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರೊಬ್ಬರು ಪ್ರಕಟಿಸಿದ ಅಧ್ಯಯನದಂತೆ, ಈ ರೋಗ ತಾಗಿದ ಪ್ರದೇಶಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಸುಮಾರು ನೂರಕ್ಕೆ 31ರಷ್ಟು ಹೆಚ್ಚಿಸಿದ್ದರು. ಅದೇ ಪ್ರದೇಶಗಳಲ್ಲಿ ಶಿಶುಮರಣದ ಪ್ರಮಾಣವು ನೂರಕ್ಕೆ ಸುಮಾರು 8ರಷ್ಟು ಏರಿದ್ದಿತು. ಗುಹೆಯ ಕತ್ತಲಲ್ಲಿ ಆದ ಸಾವಿಗೂ ತೊಟ್ಟಿಲಿಗೂ ನಡುವೆ ಇಷ್ಟೇ ದೂರ.

ಮಧುರೆಯ ಗುಹೆಯಿಂದ ದೆಹಲಿಯ ಕಾನೂನಿಗೆ

ಇನ್ನು ನಮ್ಮ ದೇಶದ ಮಾತು. ಜಗತ್ತಿನಲ್ಲಿ ಗುರುತಿಸಿರುವ ಬಾವಲಿಯ ಜಾತಿಗಳು 1,400ಕ್ಕೂ ಹೆಚ್ಚು. ಅವುಗಳಲ್ಲಿ ನೂರಕ್ಕೂ ಮಿಕ್ಕಿದವು ಭಾರತದಲ್ಲಿವೆ. 1992ರಲ್ಲಿ ಒಂಬತ್ತನೆಯ ಅಂತರರಾಷ್ಟ್ರೀಯ ಬಾವಲಿ ಸಮ್ಮೇಳನ ಸೇರಿದುದು ತಮಿಳುನಾಡಿನ ಮಧುರೆಯಲ್ಲಿ. ಆ ಗೌರವ ಆ ಊರಿಗೆ ಪುಕ್ಕಟೆಯಾಗಿ ಬಂದುದಲ್ಲ. ಮಧುರೆ ಕಾಮರಾಜ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಎಂ. ಕೆ. ಚಂದ್ರಶೇಖರನ್ ಅವರೂ ಅವರ ಶಿಷ್ಯರೂ ಹಲವು ವರ್ಷಗಳಿಂದ ಗುಹಾವಾಸಿ ಬಾವಲಿಗಳ ಅಭ್ಯಾಸದಲ್ಲಿ ತೊಡಗಿದ್ದರು. ಚಂದ್ರಶೇಖರನ್ ಅವರು ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದು ಕೆಲಸ ಮಾಡಿದವರು.

1981ರಲ್ಲಿ ಅವರು ಪ್ರಕಟಿಸಿದ ಪ್ರಯೋಗವೊಂದು ಸೊಗಸಾದುದು. ಹಗಲು ರಾತ್ರಿಗಳ ಭೇದವೇ ತಿಳಿಯದ ಗಾಢಾಂಧಕಾರದ ಗುಹೆಯೊಳಗೆ ಒಂದು ಬಾವಲಿಯನ್ನು ಪಂಜರದಲ್ಲಿ ಇರಿಸಿದರು. ಸುತ್ತಲೂ ಅದರ ಬಳಗ ಸ್ವೇಚ್ಛೆಯಾಗಿ ಸಂಜೆ ಹೊರಟು ಬೆಳಗಿಗೆ ಮರಳುತ್ತಿದ್ದಿತು. ಸೂರ್ಯನನ್ನು ಕಾಣದಿದ್ದರೂ ಸೆರೆಯ ಬಾವಲಿಯು ಹೊತ್ತು ತಪ್ಪದೆ ಸಂಜೆಗೇ ಚುರುಕಾಗುತ್ತಿತ್ತು. ಬಳಗವಿಲ್ಲದ ಗುಹೆಯಲ್ಲಿ ಒಂಟಿಯಾಗಿ ಇರಿಸಿದ ಬಾವಲಿಯ ಗಡಿಯಾರ ಮಾತ್ರ ದಿನದಿನಕ್ಕೂ ಸರಿಯುತ್ತ ಹೋಯಿತು. ನೆರೆಯವರ ಬರುಹೋಗಿನಿಂದಲೇ ಬಾವಲಿ ಹೊತ್ತನ್ನು ತಿದ್ದಿಕೊಳ್ಳುತ್ತದೆಂದು ಸಿದ್ಧವಾಯಿತು. ವಿದ್ವಾಂಸರು ಆಗಾಗ ಒಂದೆಡೆ ಸೇರಬೇಕೆಂಬುದಕ್ಕೆ ಬಾವಲಿಯೇ ಇತ್ತ ಸಮರ್ಥನೆ ಇದು ಎನ್ನಬಹುದು.

ಮಧುರೆಯವರಿಗೆ ಅರಿವಿನ ಜೊತೆಗೆ ಒಂದು ಚಿಂತೆಯೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ಹಣ್ಣುತಿನ್ನುವ ಬಾವಲಿಗಳು ಕಾಗೆ, ಇಲಿ, ಹೆಗ್ಗಣಗಳ ಸಾಲಿನಲ್ಲಿ ಪೀಡಕ ಪ್ರಾಣಿಗಳೆಂದು ಸೇರಿಹೋಗಿದ್ದುವು. ಅಂದರೆ ಅವನ್ನು ಯಾರು ಬೇಕಾದರೂ ಕೊಲ್ಲಬಹುದು, ಕೇಳುವವರಿಲ್ಲ. ತೋಟಗಾರನ ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. ಸೀಬೆ, ಮಾವು, ದ್ರಾಕ್ಷಿಗಳ ತೋಟದಲ್ಲಿ ಬಾವಲಿ ಹಾನಿ ಮಾಡುವುದುಂಟು. ಆದರೆ ಇಪ್ಪೆ, ಅತ್ತಿ, ಆಲ ಮೊದಲಾದ ಮರಗಳ ಬೀಜವನ್ನು ದೂರದೂರಕ್ಕೆ ಹೊತ್ತು ಬಿತ್ತುವುದೂ, ಇರುಳಲ್ಲಿ ಅರಳುವ ಹೂಗಳಿಗೆ ಪರಾಗ ತಲಪಿಸುವುದೂ ಇವೇ ಬಾವಲಿಗಳು. ಕಾನೂನು ಈ ಎರಡನೆಯ ಲೆಕ್ಕವನ್ನು ಬರೆದುಕೊಂಡಿರಲಿಲ್ಲ.

2009ರಲ್ಲಿ ಮಧುರೆಯ ಸಂಶೋಧಕರಾದ ಸಿಂಗಾರವೇಲನ್ ಮತ್ತು ಮಾರಿಮುತ್ತು ಅವರು ಸ್ಕಾಟ್ಲೆಂಡಿನ ಆಬರ್ಡೀನ್ ವಿಶ್ವವಿದ್ಯಾನಿಲಯದ ಪಾಲ್ ರೇಸಿಯವರೊಡನೆ ಸೇರಿ ಈ ಪ್ರಶ್ನೆಯನ್ನೇ ಎತ್ತಿ ಪ್ರಬಂಧ ಬರೆದರು. ಹಣ್ಣುಬಾವಲಿಗಳಿಗೆ ಈ ಪೀಡಕ ಪಟ್ಟ ತಕ್ಕುದೇ ಎಂಬುದೇ ಅವರ ವಿಷಯ. 1985ರ ಅಂತರರಾಷ್ಟ್ರೀಯ ಸಮ್ಮೇಳನ ನಡೆದುದು ಆಬರ್ಡೀನಿನಲ್ಲಿ, 1992ರದು ಮಧುರೆಯಲ್ಲಿ. ಎರಡು ಊರಿನ ವಿದ್ವಾಂಸರು ಒಂದೇ ಕಾಗದಕ್ಕೆ ಸಹಿ ಹಾಕುವುದು ಇಂಥ ಒಡನಾಟ ಬೆಳೆದಾಗ. ವನ್ಯಜೀವಿ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲಿನಿಂದ ಅದು ಜಾರಿಗೆ ಬಂದಾಗ ಪೀಡಕಗಳ ಆ ಅನುಸೂಚಿಯೇ ಇಲ್ಲವಾಯಿತು. ಒಂದು ಪ್ರಬಂಧದಿಂದಲೇ ಇದು ಆಯಿತೆನ್ನುವುದು ಅತಿಶಯೋಕ್ತಿಯಾದೀತು. ಹಲವರು ಹಲವು ವರ್ಷ ಹೇಳಿದ ಮಾತು ಅದು. ಐವತ್ತು ವರ್ಷ ಕಾನೂನಿನ ಪುಸ್ತಕದಲ್ಲಿದ್ದ ಕಳಂಕ ತೊಡೆಯಿತೆಂಬುದು ಮಾತ್ರ ನಿಜ.

ಭಯದ ಮಾತು

ಬಾವಲಿಯ ಪರವಾಗಿ ಮಾತನಾಡುವವರು ಅದರ ದೋಷವನ್ನು ಮುಚ್ಚಿಟ್ಟರೆ ಅವರ ಮಾತನ್ನು ಯಾರೂ ನಂಬಲಾರರು. ಕೇರಳದಲ್ಲಿ 2018ರಲ್ಲಿ ಜನರನ್ನು ಬಲಿತೆಗೆದುಕೊಂಡ ನಿಪಾ ರೋಗದ ವೈರಸ್ಸಿಗೆ ಹಣ್ಣುಬಾವಲಿಯೇ ಸಹಜವಾದ ಆಶ್ರಯ. ಇದನ್ನು ಕಂಡುಹಿಡಿದು ಜಗತ್ತಿಗೆ ತಿಳಿಸಿದವರು ಸಂಶೋಧಕರೇ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಬಾಂಗ್ಲಾದೇಶದಲ್ಲಿ ಈಚಲ ಮರಕ್ಕೆ ಕಟ್ಟಿದ ಗಡಿಗೆಯ ಸಿಹಿರಸವನ್ನು ಬಾವಲಿಗಳು ರಾತ್ರಿ ನೆಕ್ಕುವುದರಿಂದ ರೋಗ ಹರಡುತ್ತಿತ್ತು. ರಸ ಒಸರುವ ಜಾಗವನ್ನು ಬಿದಿರಿನ ತಟ್ಟಿಯಿಂದ ಮುಚ್ಚಿದರೆ ಬಾವಲಿ ಸುಳಿಯದೆಂದು ಕತ್ತಲಲ್ಲಿ ಚಿತ್ರ ತೆಗೆಯುವ ಕ್ಯಾಮರಾ ಇರಿಸಿ ತೋರಿಸಿಕೊಟ್ಟರು. ಬಿದಿರಿನ ತಟ್ಟಿಯ ಖರ್ಚು ಎಷ್ಟು? ಮನುಷ್ಯನೂ ಉಳಿದ, ಬಾವಲಿಯೂ ಉಳಿಯಿತು. ಪ್ರಾಣಿಪಕ್ಷಿಗಳು ಕಚ್ಚಿದ ಹಣ್ಣನ್ನು ಮಕ್ಕಳಿಗೆ ಕೊಡಬಾರದೆಂಬ ಹಳೆಯ ಗೃಹಿಣಿಯರ ಎಚ್ಚರಿಕೆ ಇಂದಿನ ವಿಜ್ಞಾನಕ್ಕೂ ಒಪ್ಪಿತವೇ.

2020ರಲ್ಲಿ ಕೊರೊನಾ ಮಹಾಮಾರಿಯ ಭಯ ಕವಿದಾಗ ಬಾವಲಿಗಳ ಮೇಲೆ ಜನರ ಕೋಪ ಹರಿಯಿತು. ಆ ಏಪ್ರಿಲಿನಲ್ಲಿ ದಕ್ಷಿಣ ಏಷ್ಯಾದ ಆರು ದೇಶಗಳ 64 ಮಂದಿ ಬಾವಲಿತಜ್ಞರು ಒಟ್ಟಾಗಿ ಒಂದು ಹೇಳಿಕೆ ಹೊರಡಿಸಿದರು. ಬಾವಲಿಗಳು ಈ ರೋಗವನ್ನು ಜನರಿಗೆ ಹರಡುತ್ತಿಲ್ಲ, ಅವುಗಳ ನೆಲೆಗಳನ್ನು ನಾಶಮಾಡುವುದರಿಂದ ಯಾವ ಲಾಭವೂ ಇಲ್ಲ ಎಂದು ಅದರ ಸಾರ. ಒಬ್ಬರ ಮಾತಾಗಿದ್ದರೆ ಆ ಗದ್ದಲದಲ್ಲಿ ಕೇಳಿಸುತ್ತಲೇ ಇರಲಿಲ್ಲ. ಪರಸ್ಪರ ಬಲ್ಲವರು ಇದ್ದುದರಿಂದ ಅಷ್ಟು ಬೇಗ ಒಂದೇ ದನಿ ಹೊರಡಿಸಲು ಸಾಧ್ಯವಾಯಿತು.

ಹನುಮನಹಳ್ಳಿಯ ಬಳಗ

ಕೊನೆಯದಾಗಿ ಕನ್ನಡನಾಡಿನದೇ ಒಂದು ಸಂಗತಿ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಕಲ್ಲುಗುಹೆಯಲ್ಲಿ ವಾಸಿಸುವ, ಮೂಗಿನ ಮೇಲೆ ಎಲೆಯಾಕಾರದ ತೊಗಲುಳ್ಳ ಒಂದು ಪುಟ್ಟ ಬಾವಲಿಯನ್ನು 1994ರಲ್ಲಿ ಜರ್ಮನಿಯ ಡೀಟರ್ ಕಾಕ್ ಮತ್ತು ಭಾರತದ ಎಚ್. ಆರ್. ಭಟ್ ಎಂಬ ವಿಜ್ಞಾನಿಗಳು ಹೊಸ ಜಾತಿಯೆಂದು ವರ್ಣಿಸಿದರು. ಜಗತ್ತಿನಲ್ಲಿ ಬೇರೆಲ್ಲಿಯೂ ಇದು ಉಳಿದಿರುವುದಾಗಿ ಕಂಡುಬಂದಿಲ್ಲ. ಎಣಿಕೆ ಮಾಡಿದವರಿಗೆ ದೊರೆತ ಸಂಖ್ಯೆ ಇನ್ನೂರಕ್ಕೂ ಕಡಿಮೆ. ಸುತ್ತಲಿನ ಬಂಡೆಗಳಲ್ಲಿ ನಡೆದ ಕಲ್ಲುಗಣಿಯ ಕೆಲಸವೇ ಅದಕ್ಕೆ ಒದಗಿದ ಮುಖ್ಯ ಗಂಡಾಂತರ. 2016ರಲ್ಲಿ ಅದನ್ನು ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನ ಅಂಚಿಗೆ ಬಂದುದೆಂದು ಸೇರಿಸಲಾಯಿತು. ಬೆಂಗಳೂರಿನ ಬಾವಲಿ ಸಂರಕ್ಷಣಾ ಟ್ರಸ್ಟಿನವರು ಅರಣ್ಯ ಇಲಾಖೆಯ ಜೊತೆಗೂ ಅಂತರರಾಷ್ಟ್ರೀಯ ಸಂಸ್ಥೆಗಳ ಜೊತೆಗೂ ಕೂಡಿ ಅದರ ರಕ್ಷಣೆಗಾಗಿ ದುಡಿಯುತ್ತಿದ್ದಾರೆ.

ಹುಲಿಯ ವಿಷಯ ಹೇಳಲು ಸಭೆ ಬೇಕಾಗಿಲ್ಲ. ಅದರ ಹೆಸರೇ ಸಾಕು. ಹನುಮನಹಳ್ಳಿಯ ಬಾವಲಿಗೆ ಅಂಥ ಖ್ಯಾತಿ ಇಲ್ಲ. ಅದು ಇದೆಯೆಂಬುದನ್ನು ಜಗತ್ತು ತಿಳಿಯಬೇಕಾದರೆ ಬಲ್ಲವರು ಹೋಗಿ ಹೇಳಬೇಕು, ಬೇರೆ ದೇಶದವರು ಕೇಳಬೇಕು, ತಮ್ಮಲ್ಲಿ ಗುಹೆಗಳನ್ನು ಹೇಗೆ ಕಾಪಾಡಿಕೊಂಡರೆಂದು ಮರಳಿ ತಿಳಿಸಬೇಕು. ಆದರೆ ಸಮ್ಮೇಳನದ ಸಭಾಂಗಣದಲ್ಲಿ ಕುಳಿತವರೆಲ್ಲ ಬಾವಲಿಯ ಬಂಧುಗಳೇ. ಬಂಡೆ ಒಡೆಯುವವನು, ತೋಟದ ಯಜಮಾನನು, ಮುಸ್ಸಂಜೆಯಲ್ಲಿ ಕಿಟಕಿ ಮುಚ್ಚುವ ಮನೆಯವರು ಅಲ್ಲಿಗೆ ಬರುವುದಿಲ್ಲ. ಅಲ್ಲಿ ಆಡಿದ ಮಾತು ಇವರ ಭಾಷೆಯಲ್ಲಿ, ಇವರ ಊರಿನಲ್ಲಿ, ಮತ್ತೊಮ್ಮೆ ಆಡಬೇಕಾಗಿದೆ. ಸ್ಪಲಾನ್ಜಾನಿಯವರ ಮಾತಿಗೆ ಜಗತ್ತು ನೂರ ನಲವತ್ತು ವರ್ಷ ಕಾದಿತು; ಆ ಸತ್ಯಕ್ಕೆ ಕಾಯುವ ಶಕ್ತಿ ಇದ್ದಿತು. ಇನ್ನೂರಕ್ಕೂ ಕಡಿಮೆ ಉಳಿದಿರುವ ಬಳಗಕ್ಕೆ ಅಷ್ಟು ಕಾಲಾವಕಾಶವಿಲ್ಲ.